ಮುಳ್ಳೇರಿಯ ಹತ್ರದ ಸಿಲೋನ್ ಹೋಟ್ಲು: ರೊಟ್ಟಿ, ಸಂಬಲ್, ಮತ್ತೆ ಎರಡು ದೇಶದ ಒಂದೇ ಕಥೆ

ಚೆರ್ಕಳ-ಜಾಲ್ಸೂರು ರೋಡಲ್ಲಿ ಮುಳ್ಳೇರಿಯ ದಾಟಿ ಸುಳ್ಯದ ಕಡೆಗೆ ಸ್ವಲ್ಪ ಮುಂದೆ ಹೋದ್ರೆ ಎಡಬದಿಗೆ ಹಂಚಿನ ಮಾಡಿನ ಒಂದು ಸಣ್ಣ ಹೋಟ್ಲು ಉಂಟು. ಬೋರ್ಡಲ್ಲಿ ಇರುವ ಹೆಸರು ಬೇರೆ, ಆದ್ರೆ ಆ ಭಾಗದಲ್ಲಿ ಯಾರತ್ರ ಕೇಳಿದ್ರೂ ಸಿಲೋನ್ ಹೋಟ್ಲು ಅಂತಲೇ ಹೇಳುದು (ಸಿಲೋನ್ ಅಂದ್ರೆ ಈಗಿನ ಶ್ರೀಲಂಕಾ), ಬಸ್ಸಿನ ಕಂಡಕ್ಟರಿಗೂ ಹಾಗೆ ಹೇಳಿದ್ರೆ ಸಾಕು, ಸರಿಯಾದ ಕಡೆ ಇಳಿಸ್ತಾರೆ. ಮೊದಲೇ ಹೇಳಿಬಿಡ್ತೇನೆ, ಬೆಳಗ್ಗಿನ ತಿಂಡಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈಗ ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಇದು. ಆದ್ರೆ ಅಲ್ಲಿ ಎಂತ ತಿನ್ಬೇಕು ಅಂತ ಗೊತ್ತಿಲ್ಲದೆ ಹೋಗಿ, ಎಲ್ರೂ ವೀಡಿಯೋದಲ್ಲಿ ನೋಡಿದ, ಪರೋಟ ಕೊಚ್ಚಿ ಮಾಡುವ ಆ ಕೊತ್ತು ರೊಟ್ಟಿ ಒಂದನ್ನೇ ತಿಂದು ವಾಪಸ್ ಬರುವವರು ತುಂಬಾ ಜನ, ಅವರಿಗೆ ಅಂತಲೇ ಇಷ್ಟು ಉದ್ದ ಬರೀತಾ ಇದ್ದೇನೆ.

ಹೋಟ್ಲು ನಡೆಸುದು ಒಬ್ರು ಅಕ್ಕ ಮತ್ತೆ ಅವರ ಗಂಡ. ಗಂಡ ಈ ಊರಿನವರೇ, ಗಲ್ಫಲ್ಲಿ ಹೋಟೆಲ್ ಕಿಚನಲ್ಲಿ ಕೆಲಸ ಮಾಡಿ ಬಂದವರು, ಅಲ್ಲಿ ಜೊತೆಗಿದ್ದ ಸಿಂಹಳ ಅಡಿಗೆಯವರಿಂದ ಕೊತ್ತು, ವಟಲಪ್ಪ ಅನ್ನುವ ಸಿಹಿ ಎಲ್ಲ ಕಲಿತದ್ದಂತೆ. ಅಕ್ಕ ಸುಳ್ಯ ಕಡೆಯ ರಬ್ಬರ್ ತೋಟದಲ್ಲಿ ಹುಟ್ಟಿ ಬೆಳೆದವರು. ಸುಳ್ಯ ಪುತ್ತೂರಿನವರಿಗೆ ಇದು ಹೇಳಿದ್ರೆ ಕೂಡ್ಲೇ ಅರ್ಥ ಆಗ್ತದೆ, ಸಿಲೋನಿಂದ ವಾಪಸ್ ಕಳಿಸಿದ ತಮಿಳು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಮನೆ ಕೊಟ್ಟು ಕೂರಿಸಿದ್ದು ಅಲ್ಲಿಯೇ ಅಲ್ವಾ. ಹಾಗಾಗಿ ಈ ಅಡಿಗೆ ಮನೆಯಲ್ಲಿ ಎರಡು ಸಿಲೋನ್ ಉಂಟು, ಒಂದು ಗಂಡ ಗಲ್ಫಿಂದ ತಂದ ಹೋಟೆಲ್ ಸಿಲೋನ್, ಇನ್ನೊಂದು ಅಕ್ಕನ ಮನೆಯ ಗುಡ್ಡದ ಸಿಲೋನ್. ನನ್ನ ಅಭಿಪ್ರಾಯದಲ್ಲಿ ಎರಡನೆಯದು ಎಷ್ಟೋ ಪಾಲು ಮೇಲು.

ಮೊದಲು ಕೇಳ್ಬೇಕಾದ್ದು ತೆಂಗಿನಕಾಯಿ ರೊಟ್ಟಿ ಮತ್ತೆ ಸಂಬಲ್. ರೊಟ್ಟಿ ಅಂದ್ರೆ ಗೋಧಿಹಿಟ್ಟಿಗೆ ತುರಿದ ಕಾಯಿ, ಉಪ್ಪು, ಸ್ವಲ್ಪ ನೀರುಳ್ಳಿ ಹಸಿಮೆಣಸು ಹಾಕಿ ಕಲಸಿ, ಕೈಯಲ್ಲೇ ತಟ್ಟಿ, ದಪ್ಪಕ್ಕೆ ಕಾವಲಿಯಲ್ಲಿ ಬೇಯಿಸುದು. ಹೊರಗೆ ಅಲ್ಲಲ್ಲಿ ಕಪ್ಪು ಚುಕ್ಕೆ ಬಂದಿರ್ತದೆ, ಒಳಗೆ ಕಾಯಿಯ ಹಸಿ ಸಿಹಿ ಹಾಗೇ ಉಳಿದಿರ್ತದೆ. ಸಂಬಲ್ ಮಾಡುದನ್ನು ಒಮ್ಮೆ ನಿಂತು ನೋಡಿ, ಅಡಿಗೆಮನೆ ಕಿಟಕಿಯಿಂದ ಎಲ್ಲ ಕಾಣ್ತದೆ, ಅಕ್ಕ ಬೇಡ ಅನ್ನುದಿಲ್ಲ. ಅಮ್ಮಿಕಲ್ಲಿನ ಮೇಲೆ ಮೊದಲು ಒಣಮೆಣಸು ಮತ್ತೆ ಕಲ್ಲುಪ್ಪು, ಅದು ನುರಿದ ಮೇಲೆ ಸಣ್ಣ ನೀರುಳ್ಳಿ, ನೀರುಳ್ಳಿಯನ್ನು ಅರೆಯುದಲ್ಲ, ಜಜ್ಜುದು ಅಷ್ಟೇ, ಆಮೇಲೆ ಒಣಗಿಸಿದ ಬಂಗುಡೆ ಜಾತಿಯ ಮೀನಿನ ಗಟ್ಟಿ ಚೂರು, ಕಡೆಗೆ ಆಗಷ್ಟೇ ತುರಿದ ಕಾಯಿ. ಕಾಯಿ ಹಾಕಿದ ಮೇಲೆ ಗುಂಡುಕಲ್ಲನ್ನು ಮೂರ್ನಾಲ್ಕು ಸಲ ಮಾತ್ರ ಎಳೀತಾರೆ, ಜಾಸ್ತಿ ಎಳೆದ್ರೆ ಅದು ಚಟ್ನಿ ಆಗಿಬಿಡ್ತದೆ, ಸಂಬಲಲ್ಲಿ ಕಾಯಿಯ ತುರಿ ತುರಿಯಾಗಿಯೇ ಸಿಗ್ಬೇಕು. ಕೊನೆಗೆ ಒಂದು ಪಾತ್ರೆಗೆ ತೆಗೆದು ಲಿಂಬೆ ಹಿಂಡಿ ಕೈಯಲ್ಲೇ ಹಿಸುಕಿ ಕಲಸ್ತಾರೆ, ಆಗ ಇಡೀ ಕಾಯಿ ಕೆಂಪಾಗ್ತದೆ. ಮಿಕ್ಸಿಯಲ್ಲಿ ಮಾಡಿದ ಸಂಬಲ್ ನಾನು ಬೇರೆ ಕಡೆ ತಿಂದಿದ್ದೇನೆ, ಆ ರುಚಿ ಬರುದೇ ಇಲ್ಲ. ನಾನ್ ವೆಜ್ ತಿನ್ನದವರು ಮೀನಿಲ್ಲದ್ದು ಅಂತ ಮೊದಲೇ ಹೇಳಿ, ಅವರಿಗೆ ಬೇರೆಯೇ ಮಾಡಿ ಇಟ್ಟಿರ್ತಾರೆ, ಕಲ್ಲು ಕೂಡ ಬೇರೆ.

ಅಕ್ಕ ಹೇಳುವ ಪ್ರಕಾರ ಟೀ ಎಸ್ಟೇಟಲ್ಲಿ ಬೆಳಗ್ಗೆ ಸೊಪ್ಪು ಕೊಯ್ಲಿಕ್ಕೆ ಹೋಗುವವರ ತಿಂಡಿ ಇದೇ, ರೊಟ್ಟಿ, ಸಂಬಲ್, ಹಾಲಿಲ್ಲದ ಟೀ. ಅವರ ಅಜ್ಜಿ ನುವರ ಎಲಿಯ ಕಡೆಯ ತೋಟದಲ್ಲಿ ಹಾಗೆಯೇ ತಿಂದು ಬೆಳೆದದ್ದು, ಸುಳ್ಯಕ್ಕೆ ಬಂದ ಮೇಲೆ ರಬ್ಬರ್ ಟ್ಯಾಪಿಂಗಿಗೆ ಹೋಗುವಾಗಲೂ ಅದನ್ನೇ ಕಟ್ಟಿಕೊಂಡು ಹೋಗ್ತಿದ್ದದ್ದು. ಅಂದ್ರೆ ನಮ್ಮ ಪ್ಲೇಟಿಗೆ ಬರುದು ರೆಸಿಪಿ ಪುಸ್ತಕದಿಂದ ಬಂದ ತಿಂಡಿ ಅಲ್ಲ, ಸಮುದ್ರ ದಾಟಿ ಹೋಗಿ ವಾಪಸ್ ಬಂದ ತಿಂಡಿ.

ಇನ್ನು ಊಟ. ಮಧ್ಯಾಹ್ನ ಅನ್ನದ ಜೊತೆ ಕೊಡುವ ಪಲ್ಯ ಸಾರುಗಳನ್ನು ನೋಡಿದ್ರೆ ನಮ್ಮ ಕಡೆಯವರಿಗೆ ಇದು ಫಾರಿನ್ ಊಟ ಅಂತ ಅನ್ನಿಸುದೇ ಇಲ್ಲ. ನನ್ನ ಅಮ್ಮನನ್ನು ಒಂದು ಸಲ ಕರ್ಕೊಂಡು ಹೋಗಿದ್ದೆ, ಹಸಿರು ಸಂಬಲ್ ಒಂದು ತುತ್ತು ಬಾಯಿಗಿಟ್ಟು "ಇದು ತಿಮರೆ ಅಲ್ವಾ ಮಗಾ, ಇದಕ್ಕೆ ಮಜ್ಜಿಗೆ ಹಾಕದೆ ಲಿಂಬೆ ಹಿಂಡಿದ್ದಾರೆ ಅಷ್ಟೇ" ಅಂದ್ರು. ಹೌದು, ತಿಮರೆಯೇ, ಗದ್ದೆ ಹುಣಿಯಲ್ಲಿ ಬೆಳೆಯುವ ಅದೇ ಒಂದೆಲಗ. ಎಳೆ ಹಲಸಿನದ್ದು ಒಂದು ಪಲ್ಯ ಉಂಟು, ಅಲ್ಲಿ ಪೊಲೊಸ್ ಅಂತಾರೆ, ನಮ್ಮ ಗುಜ್ಜೆ ಪಲ್ಯದ ಅಣ್ಣ ತಮ್ಮ, ವ್ಯತ್ಯಾಸ ಎಂತ ಅಂದ್ರೆ ಮಸಾಲೆಯನ್ನು ಕಪ್ಪಾಗುವ ತನಕ ಹುರೀತಾರೆ ಮತ್ತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸ್ತಾರೆ, ಗುಜ್ಜೆ ಮಾಂಸದ ಹಾಗೆ ನಾರು ನಾರಾಗಿ ಬಿಡ್ತದೆ. ಜೀಗುಜ್ಜೆ ಕಾಲದಲ್ಲಿ ಅದನ್ನು ತೆಂಗಿನ ಹಾಲಲ್ಲಿ ಅರಶಿನ ಹಾಕಿ ಮಾಡ್ತಾರೆ. ಮೀನಿಗೆ ಹುಳಿ ಹಾಕುದು ಉಪ್ಪಾಗೆಯದ್ದು, ಮಲಯಾಳದವರ ಕುಡಂಪುಳಿ ಅಂದ್ರೂ ಅದೇ, ಸೂರೆ ಮೀನಿನ ತುಂಡುಗಳಿಗೆ ಉಪ್ಪಾಗೆ, ಕಾಳುಮೆಣಸು ಅರೆದು ಮೆತ್ತಿ ನೀರೆಲ್ಲ ಆರುವ ತನಕ ಮಣ್ಣಿನ ಚಟ್ಟಿಯಲ್ಲಿ ಬೇಯಿಸುದು. ಫ್ರಿಜ್ ಇಲ್ಲದ ಕಾಲಕ್ಕೆ ಮೀನು ಕೆಡದ ಹಾಗೆ ಇಡುವ ಉಪಾಯ ಅದು. ಸೇಮಿಗೆಗೆ ಕೊಡುವ ತೆಂಗಿನ ಹಾಲಿನ ತೆಳು ಸಾರು, ಕಿರಿಹೊದಿ ಅಂತ ಹೆಸರು, ಮೆಂತೆ ಕರಿಬೇವು ಹಾಕಿದ್ದು, ಅದನ್ನು ದಯವಿಟ್ಟು ಯಾರೂ ಬಿಡ್ಬೇಡಿ. ಒಣಗಿದ ಸೇಮಿಗೆ ಕೊಡುವ ಹೋಟ್ಲುಗಳ ಮಧ್ಯೆ ಇಲ್ಲಿ ಬಿಸಿಯಾಗಿ ಒತ್ತಿ ಕೊಡ್ತಾರೆ.

ಇಷ್ಟೆಲ್ಲ ಒಂದೇ ಇರುದು ಒಂದೇ ಮಳೆ, ಒಂದೇ ಮಣ್ಣು, ಒಂದೇ ತೆಂಗು ಇರುವ ಕಾರಣ ಅಂತ ಸುಲಭಕ್ಕೆ ಹೇಳ್ಬಹುದು, ಅದು ಸುಳ್ಳೂ ಅಲ್ಲ. ಆದ್ರೆ ಈ ಹೋಟ್ಲಿಗೆ ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ಎರಡೂ ಕಡೆಯ ಚರಿತ್ರೆ ಓದ್ಲಿಕ್ಕೆ ಮನಸಾಯ್ತು, ಓದಿದ ಹಾಗೆ ಒಂದು ವಿಷಯ ಸ್ಪಷ್ಟ ಆಯ್ತು. ಹವೆ ಮಣ್ಣಿನ ಹೋಲಿಕೆ ಒಂದು ಕಡೆ, ನಮ್ಮಿಬ್ಬರನ್ನೂ ಆಳಿದವರು ಒಂದೇ ಲೆಕ್ಕದ ಪುಸ್ತಕ ಇಟ್ಕೊಂಡು ಆಳಿದ್ದು ಇನ್ನೊಂದು ಕಡೆ. ಪೋರ್ಚುಗೀಸರು 1505ರಲ್ಲಿ ಸಿಲೋನಿಗೆ ಬಂದದ್ದು, ನಮ್ಮ ಕರಾವಳಿಯಲ್ಲೂ ಅದೇ ಹೊತ್ತಿಗೆ ಅವರ ಕಾಟ ಶುರು. ಗೇರುಬೀಜ, ಮೆಣಸಿನಕಾಯಿ, ಅನಾನಸು ಎರಡೂ ಕಡೆ ಅವರ ಹಡಗಲ್ಲೇ ಬಂದದ್ದು, ಹಾಗಾಗಿ ಸಂಬಲಿನ ಆ ಕೆಂಪು ಬಣ್ಣ ಕೂಡ ಪೋರ್ಚುಗೀಸರ ನಂತರದ್ದೇ ಅಂತ ಲೆಕ್ಕ. ಆಮೇಲೆ ಅಲ್ಲಿ ಡಚ್ಚರು, 1796ರಲ್ಲಿ ಇಂಗ್ಲಿಷರು. ಇಂಗ್ಲಿಷರು ಸಿಲೋನಿನ ಕರಾವಳಿಯನ್ನು ಹಿಡಿದ ಕೂಡ್ಲೇ ಅದನ್ನು ಆಳಿದ್ದು ಎಲ್ಲಿಂದ ಗೊತ್ತುಂಟಾ, ಮದ್ರಾಸಿಂದ. ಮೂರು ವರ್ಷ ಕಳೆದು 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬೇಕಲ, ಕುಂಬಳೆ, ಮಂಜೇಶ್ವರ ಸೇರಿದ ನಮ್ಮ ಕೆನರಾ ಕೂಡ ಮದ್ರಾಸಿನ ಕೈಗೇ ಹೋದದ್ದು.

ಮದ್ರಾಸಿಂದ ಸಿಲೋನಿಗೆ ಕಳಿಸಿದ ಕಂದಾಯದವರು ಅಲ್ಲಿ ಹೋಗಿ ಮಾಡಿದ ಕೆಲಸಗಳಲ್ಲಿ ಒಂದು ತೆಂಗಿನ ಮರಕ್ಕೆ ತೆರಿಗೆ ಹಾಕಿದ್ದು. ತೆಂಗಿನ ಮರಕ್ಕೆ ಅಂದ್ರೆ ಎಂತ ಅಂತ ನಮ್ಮ ಕಾಸರಗೋಡಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಮನೆ ಹಿಂದಿನ ನಾಲ್ಕು ಮರವೇ ಸಂಸಾರದ ಆಧಾರ ಇದ್ದ ಕಾಲ. ಜನ ದಂಗೆ ಎದ್ದರು, 1797ರಲ್ಲಿ. ಕಂಪೆನಿಗೆ ಬಿಸಿ ತಾಗಿ ಅಲ್ಲಿಯ ಆಡಳಿತವನ್ನೇ ಬದಲಿಸ್ಬೇಕಾಯ್ತು, 1802ರಲ್ಲಿ ಸಿಲೋನ್ ನೇರ ರಾಜನ ಕೈಗೆ ಹೋಯ್ತು. ಆ ದಂಗೆಯಿಂದ ನಲವತ್ತು ವರ್ಷ ಈಚೆಗೆ ನಮ್ಮಲ್ಲಿ ಆದದ್ದು ನೋಡಿ, 1834ರಲ್ಲಿ ಕೊಡಗನ್ನು ತಗೊಂಡು ಅಮರ ಸುಳ್ಯದ ಭಾಗವನ್ನು ನಮ್ಮ ಕೆನರಾಕ್ಕೆ ಸೇರಿಸಿದ್ರು, ಅಷ್ಟು ದಿನ ಬೆಳೆಯಲ್ಲಿ ಕೊಡ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಅಂದ್ರು, ರೈತನ ಕೈಯಲ್ಲಿ ಹಣ ಎಲ್ಲಿಂದ ಬರ್ಬೇಕು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಜೊತೆ, ಕೊಡಗಿನ ರಾಜವಂಶದವ ಅಂತ ಹೇಳಿದ ಕಲ್ಯಾಣಸ್ವಾಮಿಯ ಹೆಸರಲ್ಲಿ ಜನ ಎದ್ದು ಬೆಳ್ಳಾರೆ ಖಜಾನೆ ಹಿಡಿದು ಮಂಗಳೂರು ತನಕ ಹೋದ್ರು, 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಹನ್ನೊಂದು ವರ್ಷ ಕಳೆದು 1848ರಲ್ಲಿ ಸಿಲೋನಿನ ಮಾತಳೆಯಲ್ಲಿ ಅದೇ ಕಥೆ, ಕೋವಿಗೆ ತೆರಿಗೆ, ನಾಯಿಗೆ ತೆರಿಗೆ, ಅಂಗಡಿಗೆ ತೆರಿಗೆ, ರೋಡಿಗೆ ಬಿಟ್ಟಿ ಕೆಲಸ. ಅಲ್ಲಿ ದಂಗೆಯ ನಾಯಕ ಪುರನ್ ಅಪ್ಪುವನ್ನು ಗುಂಡಿಟ್ಟು ಕೊಂದ್ರು. ನಮ್ಮ ಕಡೆ ನಾಯಕರನ್ನು ನೇಣಿಗೆ ಹಾಕಿದ್ರು. ಪಕ್ಕದ ದೇಶದಲ್ಲಿ ಇಂತದ್ದೇ ಆಗಿದೆ ಅಂತ ಯಾವ ಕಡೆಯ ಮಕ್ಕಳಿಗೂ ಯಾರೂ ಹೇಳಿಕೊಡುದಿಲ್ಲ, ಇದು ನನಗೆ ತುಂಬಾ ಬೇಸರದ ವಿಷಯ.

ಬುಧವಾರ ಮತ್ತೆ ಶನಿವಾರ ಇಲ್ಲಿ ರಾಗಿ ರೊಟ್ಟಿ ಉಂಟು, ಕುರಕ್ಕನ್ ಅಂತ ಬೋರ್ಡಲ್ಲಿ ಬರೆದಿರ್ತಾರೆ. ಗುಡ್ಡ ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಬಿತ್ತಿ ಮುಂದಿನ ಗುಡ್ಡಕ್ಕೆ ಹೋಗುವ ಬೇಸಾಯ ಸಿಲೋನಿನ ಹಳ್ಳಿಯವರದ್ದು, ನಮ್ಮ ಆಗಿನ ಬೇಕಲ ತಾಲೂಕಿನ ಗುಡ್ಡಗಳಲ್ಲಿ ಇದ್ದ ಕುಮೇರಿಯೂ ಅದೇ. ಎರಡನ್ನೂ ಬ್ರಿಟಿಷ್ ಸರ್ಕಾರ ಕಾಡು ಹಾಳಾಗ್ತದೆ ಅಂತ ಕಟ್ಟಿಹಾಕಿತು. ಸಿಲೋನಲ್ಲಿ 1840ರಲ್ಲಿ ಕಾನೂನೇ ತಂದು, ಕಾಗದ ತೋರಿಸ್ಲಿಕ್ಕೆ ಆಗದ ಗುಡ್ಡ ಎಲ್ಲ ಸರ್ಕಾರದ್ದು ಅಂತ ಮಾಡಿ, ಅದೇ ಗುಡ್ಡಗಳನ್ನು ಕಾಫಿ ತೋಟದ ಸಾಹೇಬರಿಗೆ ಮಾರಿದ್ರು. ರಾಗಿ ರೊಟ್ಟಿ ಸ್ವಲ್ಪ ಗಟ್ಟಿ, ಅಕ್ಕನ ಕೈಯದ್ದಾದ್ರೆ ಸರಿ ಇರ್ತದೆ, ಸಹಾಯಕ್ಕೆ ಬರುವ ಹುಡುಗಿ ಮಾಡಿದ್ರೆ ಒಣಗಿರ್ತದೆ, ಅದಕ್ಕೆ ಬೇಳೆಯ ಸಾರು ಎರಡನೇ ಸಲ ಕೇಳಿ ಹಾಕಿಸ್ಕೊಳ್ಳಿ.

ಕಾಫಿ ಅಂದೆನಲ್ಲ, ಈಗ ಟೀ ವಿಷಯಕ್ಕೆ ಬರ್ತೇನೆ. ಇಲ್ಲಿ ಹಾಲು ಹಾಕಿದ ಟೀ ಎಲ್ಲಾ ಕಡೆಯ ಹಾಗೆಯೇ, ವಿಶೇಷ ಎಂತ ಇಲ್ಲ. ಪ್ಲೇನ್ ಟೀ ಕುಡೀಬೇಕು, ಜೊತೆಗೆ ಒಂದು ತುಂಡು ಬೆಲ್ಲ ಕೊಡ್ತಾರೆ, ಬೆಲ್ಲವನ್ನು ಟೀಗೆ ಹಾಕುದಲ್ಲ, ಕಚ್ಚಿ ಕಚ್ಚಿ ಕುಡಿಯುದು. ಸಿಲೋನ್ ಅಂದ್ರೆ ಟೀ ಅಂತ ನಾವು ತಿಳ್ಕೊಂಡಿದ್ದೇವೆ, ಆದ್ರೆ ಮೊದಲು ಅದು ಕಾಫಿ ದೇಶ. 1869ರ ಹೊತ್ತಿಗೆ ಎಲೆಗೆ ತುಕ್ಕು ರೋಗ ಬಂದು ಮುಂದಿನ ವರ್ಷಗಳಲ್ಲಿ ಇಡೀ ಕಾಫಿ ಮುಳುಗಿ ಹೋಯ್ತು, ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವ 1867ರಲ್ಲಿ ಲೂಲೆಕಂದೆರದಲ್ಲಿ 19 ಎಕ್ರೆಯಲ್ಲಿ ನೆಟ್ಟಿದ್ದ ಟೀ ಆಮೇಲೆ ಎಲ್ಲಾ ಕಡೆ ಹಬ್ಬಿತು. ಕಾಫಿ ಹೋಗಿ ಟೀ ಬಂದ್ರೂ ಕೆಲಸದವರು ಮಾತ್ರ ಅವರೇ, ತಿರುಚ್ಚಿ, ಮಧುರೈ, ತಿರುನೆಲ್ವೇಲಿ, ಸೇಲಂ ಕಡೆಯಿಂದ ಕಂಗಾಣಿಗಳು, ಅಂದ್ರೆ ಆಳು ಒಟ್ಟು ಮಾಡುವ ಮೇಸ್ತ್ರಿಗಳು, ಮುಂಗಡ ಕೊಟ್ಟು ಕರ್ಕೊಂಡು ಹೋದ ಬಡವರು. ಸಾಲದ ಲೆಕ್ಕ ಬರೆದ ಒಂದು ತುಂಡು ಚೀಟಿ, ಅದು ಇದ್ದ ಕಡೆ ಆಳು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗ್ಬೇಕಾದ್ರೆ ಆ ಚೀಟಿಯ ಸಾಲ ಹೊಸ ದೊರೆ ಕಟ್ಟಬೇಕು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಘಟ್ಟದ ಕಥೆ. ನಮ್ಮ ಕಡೆಯಿಂದಲೂ ಜನ ಮುಂಗಡ ತಗೊಂಡು ಮೇಸ್ತ್ರಿಯ ಹಿಂದೆ ಕೊಡಗಿನ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋದವರೇ, ಅಲ್ಲೂ ಸಾಲ ತೀರುದಿಲ್ಲ, ಅಲ್ಲೂ ಇದ್ದದ್ದು ಲೈನ್ ಮನೆ. ಒಂದೇ ಗೋಡೆಗೆ ಅಂಟಿಕೊಂಡ ಸಾಲು ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ಅಕ್ಕನ ಹತ್ರ ನಾನು ಕೊಡಗಿನ ಲೈನ್ ಮನೆ ಬಗ್ಗೆ ಹೇಳಿದಾಗ ಅವರು "ಅಣ್ಣಾ, ನಮ್ಮ ಅಜ್ಜಿ ಕೂಡ ಹಾಗೇ ಹೇಳ್ತಿದ್ರು, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ನಮ್ಮ ಮನೆಯಲ್ಲಿ ಸೀನು ಬರ್ತಿತ್ತಂತೆ" ಅಂದ್ರು. ಬ್ರಿಟಿಷರು ತೋಟ ಮಾಡುವ ವಿಧಾನ ಒಂದನ್ನು ಕಲಿತು ಅದನ್ನೇ ಬೇರೆ ಬೇರೆ ಗುಡ್ಡಗಳಲ್ಲಿ ಹೂಡಿದ್ದು. ರಬ್ಬರೂ ಹಾಗೆಯೇ, 1876ರಲ್ಲಿ ಲಂಡನ್ನಿಂದ ಸಿಲೋನಿನ ಹೆನರತ್ಗೊಡ ತೋಟಕ್ಕೆ ಸಸಿ ಬಂತು, ಸಿಲೋನಿನ ಗಿಡ ಆಮೇಲೆ ಕೇರಳಕ್ಕೂ ಬಂತು. ಸಿಲೋನಿಂದ ವಾಪಸ್ ಬಂದವರಿಗೆ ಸುಳ್ಯದಲ್ಲಿ ಸಿಕ್ಕಿದ ಕೆಲಸವೂ ರಬ್ಬರಿನದ್ದೇ ನೋಡಿ.

ವಾಪಸ್ ಬಂದದ್ದು ಯಾಕೆ ಅಂತ ನಮ್ಮ ಕಡೆಯ ತುಂಬಾ ಮಂದಿಗೆ ಗೊತ್ತಿಲ್ಲ, ಯುದ್ಧದಿಂದ ಓಡಿ ಬಂದವರು ಅಂತ ತಿಳ್ಕೊಂಡವರು ಇದ್ದಾರೆ. ಹಾಗಲ್ಲ. ಭಾರತಕ್ಕೆ 1947ರಲ್ಲಿ, ಸಿಲೋನಿಗೆ 1948ರ ಫೆಬ್ರವರಿ 4ಕ್ಕೆ ಸ್ವಾತಂತ್ರ್ಯ ಬಂತು, ಅದೇ ವರ್ಷ ಅಲ್ಲಿಯ ಪೌರತ್ವ ಕಾನೂನು ಬಂದು ತೋಟದ ತಮಿಳರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾಗಿ ಹೋದ್ರು, ಮರುವರ್ಷ ಓಟೂ ಹೋಯ್ತು. ಅಷ್ಟು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರ ಮಕ್ಕಳು. 1964ರ ಅಕ್ಟೋಬರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರು ಮತ್ತೆ ಅಲ್ಲಿಯ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಕೂತು 9,75,000 ಜನರನ್ನು ಹಂಚಿಕೊಂಡ್ರು, 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಮಂದಿಯದ್ದು ಆಮೇಲೆ ನೋಡುವ ಅಂತ. ಆ ಬಾಕಿ ಜನರನ್ನು 1974ರಲ್ಲಿ ಅರ್ಧ ಅರ್ಧ ಮಾಡಿದ್ರು. ಜನರನ್ನು, ಅಡಿಕೆ ತೂಕ ಮಾಡಿ ಪಾಲು ಮಾಡುವ ಹಾಗೆ. ಇದನ್ನು ಮಾಡಿದ್ದು ಬ್ರಿಟಿಷರಲ್ಲ, ಸ್ವತಂತ್ರ ಆದ ಎರಡು ದೇಶಗಳು, ಇದು ನನಗೆ ಇವತ್ತಿಗೂ ಸಹಿಸ್ಲಿಕ್ಕೆ ಆಗುದಿಲ್ಲ. ತಲೈಮನ್ನಾರಿಂದ ಹಡಗು ಹತ್ತಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಕ್ಯಾಂಪು. ಮಂಡಪಂ ಕ್ಯಾಂಪಿನ ವಿಷಯ ಇನ್ನೂ ಕರುಳು ಹಿಂಡುವಂಥದ್ದು, ಹಿಂದೆ ಸಿಲೋನ್ ತೋಟಕ್ಕೆ ಹೋಗುವ ಕೂಲಿಯವರನ್ನು ರೋಗ ಉಂಟಾ ಇಲ್ವಾ ಅಂತ ತಪಾಸಣೆಗೆ ಕೂರಿಸ್ತಿದ್ದದ್ದು ಅದೇ ಜಾಗದಲ್ಲಿ. ಅಜ್ಜ ಅಜ್ಜಿ ಹೋದ ಬಾಗಿಲಿಂದಲೇ ಮೊಮ್ಮಕ್ಕಳು ವಾಪಸ್ ಬಂದದ್ದು.

ಹೋಟ್ಲಿನ ಗಲ್ಲಾಪೆಟ್ಟಿಗೆ ಮೇಜಿನ ಗಾಜಿನಡಿ ಅಕ್ಕನ ಅಪ್ಪನ ಹಳೇ ಪಾಸ್‌ಪೋರ್ಟಿನ ಒಂದು ಪುಟದ ಫೋಟೋಕಾಪಿ ಉಂಟು, ಕ್ಯಾಂಡಿಯಲ್ಲಿ ಕೊಟ್ಟ ಇಂಡಿಯಾದ ಪಾಸ್‌ಪೋರ್ಟು. ಫೋಟೋದಲ್ಲಿರುವ ಹುಡುಗನ ಶರಟಿನ ಮೇಲಿನ ಬಟನ್ ಇಲ್ಲ, ಕಾಲರನ್ನು ಕೈಯಲ್ಲಿ ಹಿಡ್ಕೊಂಡಿದ್ದಾನೆ, ಹಿಡ್ಕೊಂಡ ಬೆರಳು ಕೂಡ ಫೋಟೋಕ್ಕೆ ಬಂದಿದೆ. ಬಿಲ್ ಕೊಡುವಾಗ ಎಲ್ರೂ ಅದರ ಮೇಲೆಯೇ ಹಣ ಇಡುದು. ಅದು ಎಂತದ್ದು ಅಂತ ಒಮ್ಮೆ ಕೇಳಿ, ಅಕ್ಕನಿಗೆ ಪುರುಸೊತ್ತು ಇದ್ರೆ ಹೇಳ್ತಾರೆ, ಹೇಳ್ಲಿಕ್ಕೆ ಅವರಿಗೂ ಇಷ್ಟವೇ.

ಬೋರ್ಡಿನ ವಿಷಯ ಒಂದು ಹೇಳ್ಬೇಕು. ಇಲ್ಲಿ ಬೋರ್ಡು ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಉಂಟು, ಮೆನು ಕೂಡ. ನಮ್ಮ ಕಾಸರಗೋಡಲ್ಲಿ ಕನ್ನಡ ಬೋರ್ಡು ನೋಡಿದ್ರೆ ನನಗೆ ಮನಸು ತುಂಬಿ ಬರ್ತದೆ, ಯಾಕೆ ಅಂತ ಇಲ್ಲಿಯ ಕನ್ನಡದವರಿಗೆ ಗೊತ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಅದೇ 1956ರಲ್ಲಿ ಸಿಲೋನಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನು ಮಾಡಿದ್ರು. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಲಿಕ್ಕೆ ಆಗುದಿಲ್ಲ, ಅಲ್ಲಿ ಆಮೇಲೆ ಹರಿದ ರಕ್ತ ನಮ್ಮಲ್ಲಿ ಹರಿಯಲಿಲ್ಲ, ನಮ್ಮಲ್ಲಿ ಕನ್ನಡ ಶಾಲೆಗಳು ಉಂಟು, ಕೋರ್ಟಿಗೆ ಹೋಗಿ ಕೇಳುವ ದಾರಿ ಉಂಟು. ಆದ್ರೆ ಆಫೀಸಿಗೆ ಹೋದಾಗ ಅರ್ಜಿ ನಮಗೆ ಬಾರದ ಭಾಷೆಯಲ್ಲಿ ಇದ್ರೆ ಹೊಟ್ಟೆಯಲ್ಲಿ ಎಂತ ಆಗ್ತದೆ ಅನ್ನುದು ನಮಗೂ ಗೊತ್ತು, ಅಲ್ಲಿಯ ತಮಿಳರಿಗೂ ಗೊತ್ತು. ಅಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿದ್ದು 1987ರಲ್ಲಿ, ಅಷ್ಟರಲ್ಲಿ ಯುದ್ಧ ಶುರುವಾಗಿ ಹೋಗಿತ್ತು. ಹೊರಟು ಹೋದ ಬ್ರಿಟಿಷರು ಗೆರೆ ಎಳೆದದ್ದು ಒಂದು ಕಡೆಯಾದ್ರೆ, ಉಳಿದವರು ಭಾಷೆ ಹೆಸರಲ್ಲಿ ಎಳೆದ ಗೆರೆ ಇನ್ನೊಂದು. ಈ ಸಣ್ಣ ಹೋಟ್ಲಿನವರು ಯಾರೂ ಹೇಳದೆ ಮೂರು ಭಾಷೆಯಲ್ಲಿ ಬೋರ್ಡು ಹಾಕಿದ್ದಕ್ಕೆ ನಾನು ನಿಜವಾಗಿ ಕೈಮುಗೀತೇನೆ.

ಗೋಡೆಯಲ್ಲಿ ಒಂದು ಮರದ ಮುಖವಾಡ ಉಂಟು, ಅಂಬಲಂಗೊಡ ಕಡೆಯದ್ದು, ಗಂಡನ ಗೆಳೆಯ ಕಳಿಸಿದ್ದಂತೆ. ಕಣ್ಣು ಹೊರಗೆ ಬಂದಿದೆ, ತಲೆ ತುಂಬ ಹೆಡೆ ಎತ್ತಿದ ಹಾವುಗಳು, ನಾಗ ರಾಕ್ಷಸ. ಅದರ ಪಕ್ಕಕ್ಕೆ ಯಕ್ಷಗಾನದ ಕೇಸರಿ ತಟ್ಟಿಯ ಬಣ್ಣದ ವೇಷದ ಫೋಟೋ ಹಾಕಿದ್ದಾರೆ, ಇಬ್ರೂ ಒಂದೇ ಮೇಳದವರ ಹಾಗೆ ಕಾಣ್ತಾರೆ. ಸಿಲೋನಿನ ದಕ್ಷಿಣದಲ್ಲಿ ರೋಗ ಬಂದ್ರೆ ರಾತ್ರಿ ಇಡೀ ತೋವಿಲ್ ಮಾಡ್ತಾರೆ, 18 ರೋಗಕ್ಕೆ 18 ಯಕ್ಷರು, ಮುಖವಾಡ ಹಾಕಿ ದೊಂದಿ ಹಿಡಿದು ಚೆಂಡೆಯಂಥ ವಾದ್ಯಕ್ಕೆ ಕುಣಿದು, ಎಳೆ ತೆಂಗಿನ ಗರಿಯಲ್ಲಿ ಕಟ್ಟಿದ ಅಲಂಕಾರದ ಮಧ್ಯೆ ಆ ಯಕ್ಷನನ್ನು ಮಾತಾಡಿಸಿ, ಕೊಡ್ಬೇಕಾದ್ದು ಕೊಟ್ಟು ಕಳಿಸುದು. ನಮ್ಮ ಕೋಲ, ತೆಯ್ಯಂ ನೋಡಿದವರಿಗೆ ಆ ಎಳೆ ಗರಿ, ಆ ಬೆಂಕಿ, ಆ ಮಾತುಕತೆ ಗುರುತು ಹತ್ತದೆ ಇರ್ತದಾ. ಬಂದ ಪಾದ್ರಿಗಳು ಆಫೀಸರುಗಳು ಎರಡನ್ನೂ ಪಿಶಾಚಿ ಪೂಜೆ ಅಂತ ಬರೆದಿಟ್ಟು ಹೋದ್ರು, ಓದಿದ ನಮ್ಮವರೂ ಎಷ್ಟೋ ಕಾಲ ಹಾಗೇ ನಂಬಿದ್ರು.

ವಿಷುವಿಗೆ, ನಮ್ಮ ಬಿಸುವಿಗೆ, ಅವರಿಗೂ ಹೊಸ ವರ್ಷ, ಏಪ್ರಿಲ್ ನಡುವಿಗೆ ಬರುದು. ಆ ದಿನ ಹೋಟ್ಲಲ್ಲಿ ಕಿರಿಬತ್ ಮಾಡ್ತಾರೆ, ಅಕ್ಕಿಯನ್ನು ದಪ್ಪ ತೆಂಗಿನ ಹಾಲಲ್ಲಿ ಬೇಯಿಸಿ ತಟ್ಟೆಗೆ ಹಾಕಿ ಬಾಳೆ ಎಲೆಯಲ್ಲಿ ಒತ್ತಿ ಸಪಾಟು ಮಾಡಿ ವಜ್ರದ ಆಕಾರಕ್ಕೆ ಕೊಯ್ಯುದು. ಖಾರದ ಸಂಬಲ್ ಜೊತೆಗೂ ತಿನ್ನಬಹುದು, ಬೆಲ್ಲದ ಜೊತೆಗೂ. ಜೊತೆಗೆ ಕೊಕಿಸ್ ಕೊಡ್ತಾರೆ, ಅದು ನಮ್ಮ ಅಚ್ಚಪ್ಪವೇ, ಕಬ್ಬಿಣದ ಅಚ್ಚನ್ನು ಹಿಟ್ಟಲ್ಲಿ ಮುಳುಗಿಸಿ ಎಣ್ಣೆಗೆ ಬಿಡುದು, ಸಿಲೋನಿನವರು ಅದು ಡಚ್ಚರಿಂದ ಬಂದದ್ದು ಅಂತಾರೆ. ಬಿಸುವಿಗೆ ಹೋಗುದಾದ್ರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ ಇಡಿ.

ಇನ್ನು ಚೆನ್ನಾಗಿಲ್ಲದ್ದು. ಕೊತ್ತು ರೊಟ್ಟಿ, ಪರೋಟವನ್ನು ತರಕಾರಿ, ಮೊಟ್ಟೆ, ಕೋಳಿ ಸಾರಿನ ಜೊತೆ ಕಾವಲಿಯ ಮೇಲೆ ಎರಡು ಕಬ್ಬಿಣದ ಹಲಗೆಯಲ್ಲಿ ಟಕಟಕ ಕೊಚ್ಚಿ ಮಾಡುದು, ಸಂಜೆ ಆರರ ಮೇಲೆ ಆ ಸೌಂಡು ರೋಡಿಗೆ ಕೇಳ್ತದೆ, ಹುಡುಗರು ಅದಕ್ಕೇ ಬರುದು. ನನಗೆ ಎಣ್ಣೆ ಜಾಸ್ತಿ ಅನ್ನಿಸ್ತು, ಮತ್ತೆ ಇತ್ತೀಚೆಗೆ ಟೊಮೆಟೋ ಸಾಸ್ ಹಾಕ್ಲಿಕ್ಕೆ ಶುರು ಮಾಡಿದ್ದಾರೆ, ಗಿರಾಕಿಗಳು ಕೇಳ್ತಾರೆ ಅಂತ. ದಯವಿಟ್ಟು ಬಿಡಿ ಅಂತ ಹೇಳಿ ಬಂದಿದ್ದೇನೆ. ವಟಲಪ್ಪ, ಅಂದ್ರೆ ಬೆಲ್ಲ, ತೆಂಗಿನ ಹಾಲು, ಮೊಟ್ಟೆ ಹಾಕಿ ಹಬೆಯಲ್ಲಿ ಬೇಯಿಸಿದ ಸಿಹಿ, ಒಂದು ದಿನ ಅದ್ಭುತ ಇರ್ತದೆ, ಇನ್ನೊಂದು ದಿನ ಮೊಟ್ಟೆ ವಾಸನೆ ಬರ್ತದೆ. ಬೈನೆ ಬೆಲ್ಲ ಸಿಕ್ಕಿದ ದಿನ ಮಾಡಿದ್ದು ಮಾತ್ರ ತಿನ್ನಿ, ಕೇಳಿದ್ರೆ ಹೌದೋ ಅಲ್ವೋ ಅಂತ ಸತ್ಯ ಹೇಳ್ತಾರೆ. ಕೈ ತೊಳೆಯುವ ಜಾಗ ಸಣ್ಣದು, ಭಾನುವಾರ ಕ್ಯೂ ನಿಲ್ಬೇಕು. ಮಳೆಗಾಲದಲ್ಲಿ ಎದುರಿನ ಅಂಗಳ ಕೆಸರು, ಕಾರು ಇಡ್ಲಿಕ್ಕೆ ಕಷ್ಟ. ನೆಟ್‌ವರ್ಕ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಹಾಗಾಗಿ ಕೈಯಲ್ಲಿ ನೋಟು ಇಟ್ಕೊಂಡು ಹೋಗಿ.

ಒಂದು ವಿಷಯ ಮಾತ್ರ ಅವರು ಬದಲಿಸ್ಬೇಕು ಅಂತ ನನ್ನ ಆಸೆ. ಮೆನುವಿನ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಕೊತ್ತು ಉಂಟು, ಫೋಟೋ ಸಮೇತ. ತೆಂಗಿನಕಾಯಿ ರೊಟ್ಟಿ ಸಂಬಲ್ ಕೆಳಗೆ ಎಲ್ಲೋ ಸಣ್ಣಕ್ಕೆ ಬರೆದಿದೆ, ಬೇಕಾದ್ರೆ ಕೇಳಿ ಅನ್ನುವ ಹಾಗೆ. ಅದು ಎಸ್ಟೇಟಿನ ಬಡವರ ತಿಂಡಿ, ಅದನ್ನು ದೊಡ್ಡದಾಗಿ ಹಾಕಿದ್ರೆ ಜನ ಎಂತ ಹೇಳ್ತಾರೋ ಅಂತ ಅಕ್ಕನಿಗೆ ಒಳಗೊಳಗೆ ಒಂದು ಸಂಕೋಚ, ನನ್ನತ್ರ ಹೇಳಿಯೂ ಇದ್ದಾರೆ. ಅಕ್ಕಾ, ಸಂಕೋಚ ಪಡ್ಬೇಡಿ, ಈ ಹೋಟ್ಲಲ್ಲಿ ಬೇರೆ ಎಲ್ಲೂ ಸಿಗದ ರುಚಿ ಇರುದು ಅದರಲ್ಲಿಯೇ, ಮೇಲೆ ಹಾಕಿ, ದೊಡ್ಡದಾಗಿ ಹಾಕಿ, ಕನ್ನಡದಲ್ಲಿ ಬರೆದು ಕೊಡ್ಲಿಕ್ಕೆ ನಾನು ಬರ್ತೇನೆ.

ರೇಟು ಹೆಚ್ಚಿಲ್ಲ. ಎರಡು ರೊಟ್ಟಿ ಸಂಬಲಿಗೆ 40 ರೂಪಾಯಿ, ಸೇಮಿಗೆ ಕಿರಿಹೊದಿ 50, ಮೀನಿನ ಊಟ 110, ಮೀನಿಲ್ಲದ್ದು 80, ಪ್ಲೇನ್ ಟೀ 10. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೀತಾರೆ, ರೊಟ್ಟಿ ಹತ್ತು ಗಂಟೆ ತನಕ ಮಾತ್ರ, ಹಿಟ್ಟು ಮುಗಿದ್ರೆ ಮತ್ತೆ ಕಲಸುದಿಲ್ಲ. ಮಂಗಳವಾರ ರಜೆ. ಕಾಸರಗೋಡಿಂದ ಸುಳ್ಯಕ್ಕೆ ಹೋಗುವ ಬಸ್ಸು ಎಲ್ಲವೂ ಎದುರಿಂದಲೇ ಹೋಗುದು. ಪ್ರಾಯ ಆದವರನ್ನು, ಮುಖ್ಯವಾಗಿ ಘಟ್ಟಕ್ಕೆ ಕೆಲಸಕ್ಕೆ ಹೋಗಿದ್ದವರು ಮನೆಯಲ್ಲಿ ಇದ್ರೆ ಅವರನ್ನು, ಜೊತೆಗೆ ಕರ್ಕೊಂಡು ಹೋಗಿ, ಅಕ್ಕನ ಹತ್ರ ಮಾತಾಡ್ಲಿಕ್ಕೆ ಬಿಡಿ, ಮತ್ತೆ ನೀವು ಅವಸರ ಮಾಡ್ಬೇಡಿ.